ಮಹಾಸಂಸ್ಥೆಗಳ ಬಾಗಿಲಲ್ಲಿ ಕಿರಿಯ ಉದ್ಯಮ

ಹೊಸದಾಗಿ ಉದ್ಯಮಕ್ಕಿಳಿಯುವ ತರುಣರ ದೃಷ್ಟಿ ಸಾಮಾನ್ಯವಾಗಿ ಹರಿಯುವುದು ಲಕ್ಷಾಂತರ ಜನರು ಬಿಟ್ಟಿಯಾಗಿ ಬಳಸುವ ಮೊಬೈಲ್ ಆ್ಯಪ್‌ಗಳ ಕಡೆಗೆ. ಮಾರಾಟ, ಲೆಕ್ಕಪತ್ರ, ಸಂಬಳಪಟ್ಟಿಗಳಂಥ ನೀರಸ ವ್ಯವಹಾರಗಳಿಗೆ ತಂತ್ರಾಂಶವನ್ನು ರಚಿಸುವುದು ಒರಾಕಲ್, ಸ್ಯಾಪ್ ಮೊದಲಾದ ದಿಗ್ಗಜಗಳಿಗೆ ಮೀಸಲೆಂದು ಅವರು ದೂರ ಸರಿಯುವರು. ಈ ಅಂಜಿಕೆಗೆ ಒಂದು ಕಾಲದಲ್ಲಿ ಆಧಾರವಿದ್ದಿತು. ತಂತ್ರಾಂಶವು ಗ್ರಾಹಕನ ಸ್ವಂತ ಸರ್ವರುಗಳಲ್ಲಿಯೇ ನೆಲಸಬೇಕಾಗಿದ್ದಾಗ, ಲೈಸೆನ್ಸಿಗೆ ಮುಂಗಡವಾಗಿ ದೊಡ್ಡ ಮೊತ್ತವನ್ನು ತೆತ್ತು, ಅಳವಡಿಸಲು ಸಲಹೆಗಾರರ ದಂಡನ್ನೇ ಕರೆಸಿ, ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು. ಹೆಸರಿಲ್ಲದ ಐದಾರು ಜನರನ್ನು ನಂಬಿ ಅಷ್ಟು ಹಣ ಸುರಿಯುವ ಅಧಿಕಾರಿ ಎಲ್ಲಿದ್ದಾನು?

ವೆಬ್ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಒರಾಕಲ್‌ನಲ್ಲಿ 13 ವರ್ಷ ದುಡಿದಿದ್ದ ಮಾರ್ಕ್ ಬೆನಿಯಾಫ್, ಮೂವರು ಪ್ರೋಗ್ರಾಮರುಗಳೊಡನೆ 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಪುಟ್ಟ ಮನೆಯಲ್ಲಿ, ಮಾರಾಟ ವಿಭಾಗಗಳಿಗೆ ತಂತ್ರಾಂಶವನ್ನು ರಚಿಸುವ ಸೇಲ್ಸ್‌ಫೋರ್ಸ್ ಕಂಪನಿಯನ್ನು ಆರಂಭಿಸಿದಾಗ, ತಂತ್ರಾಂಶವು ರಚಿಸಿದವರ ಬಳಿಯಲ್ಲಿಯೇ ಉಳಿದು, ಗ್ರಾಹಕನು ಬ್ರೌಸರ್ ತೆರೆದು, ಬಳಸುವವರ ತಲೆಯೆಣಿಕೆಯಂತೆ ತಿಂಗಳ ಶುಲ್ಕವನ್ನು ಕೊಡುವ ಕ್ರಮವನ್ನು ಹಿಡಿದನು. ಇದರ ಮರ್ಮವಿರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಸಹಿಯಲ್ಲಿ: ಐದಾರು ಮಾರಾಟಗಾರರ ಶುಲ್ಕವು ವಿಭಾಗದ ಮುಖ್ಯಸ್ಥನ ಸಾದಿಲ್ವಾರು ಖರ್ಚಿನಲ್ಲಿಯೇ ಅಡಗುವಷ್ಟು ಚಿಕ್ಕದಾದುದರಿಂದ, ಆಡಳಿತ ಮಂಡಲಿಯ ಅಪ್ಪಣೆಗೆ ಕಾಯುವ ಪ್ರಮೇಯವೇ ಇರಲಿಲ್ಲ. ಆ ಕ್ಷೇತ್ರದ ಅಧಿಪತಿಯಾಗಿದ್ದ ಸೀಬೆಲ್ ಕಂಪನಿಯ ಸಮ್ಮೇಳನದ ಎದುರಿಗೆ 2000ದಲ್ಲಿ ನಟರನ್ನು ಬಾಡಿಗೆಗೆ ತಂದು ಹುಸಿ ಪ್ರತಿಭಟನೆ ನಡೆಸಿದ್ದು ಬೆನಿಯಾಫ್‌ನ ನಾಟಕಪ್ರಿಯತೆ; ಅದನ್ನು ಎಲ್ಲರೂ ಅನುಕರಿಸಬೇಕಾಗಿಲ್ಲ. 2004ರಲ್ಲಿ ಸೇಲ್ಸ್‌ಫೋರ್ಸ್ ಷೇರುಪೇಟೆಯನ್ನು ಪ್ರವೇಶಿಸಿತು. ಮರುವರ್ಷವೇ ಒರಾಕಲ್ ಸೀಬೆಲನ್ನು ಕೊಂಡುಕೊಳ್ಳುವುದಾಗಿ ಘೋಷಿಸಿತು.

ಕಿರಿಯ ತಂಡಕ್ಕೆ ಇನ್ನೊಂದು ಅನುಕೂಲವೂ ಉಂಟು. ಹಳೆಯ ಕ್ರಮದಲ್ಲಿ ಒಬ್ಬೊಬ್ಬ ಗ್ರಾಹಕನ ಬಳಿ ಒಂದೊಂದು ಆವೃತ್ತಿಯಿದ್ದು, ಅವೆಲ್ಲವುಗಳ ಶುಶ್ರೂಷೆಯಲ್ಲಿಯೇ ಎಂಜಿನಿಯರುಗಳು ಸವೆಯುತ್ತಿದ್ದರು. ವೆಬ್‌ನಲ್ಲಾದರೋ ಎಲ್ಲರೂ ಬಳಸುವುದು ಒಂದೇ ಪ್ರತಿಯಾದುದರಿಂದ, ರಾತ್ರಿ ತಿದ್ದಿದ ದೋಷವು ಬೆಳಗಾಗುವುದರೊಳಗೆ ಎಲ್ಲರಿಗೂ ಪರಿಹಾರವಾಗಿರುತ್ತದೆ.

ಹಾದಿ ಸುಗಮವೆಂದು ಹೇಳಲಾರೆ. ದೊಡ್ಡ ಗ್ರಾಹಕರು ದತ್ತಾಂಶದ ಭದ್ರತೆಯನ್ನು ಕುರಿತು ನೂರಾರು ಪ್ರಶ್ನೆಗಳ ಪಟ್ಟಿ ಕಳುಹಿಸುವರು, ಬಿಲ್ ಪಾವತಿಗೆ ಸತಾಯಿಸುವರು. ಆದರೆ ಒಮ್ಮೆ ತಮ್ಮ ಕಡತಗಳೂ ನೌಕರರ ಅಭ್ಯಾಸವೂ ಅಲ್ಲಿ ಬೇರೂರಿದ ಮೇಲೆ ಅವರು ಸುಲಭವಾಗಿ ಬಿಟ್ಟುಹೋಗರು. ಬಿಟ್ಟಿ ಆ್ಯಪ್‌ನ ಬಳಕೆದಾರನಿಂದ ಇಂಥ ನಿಷ್ಠೆಯನ್ನು ನಿರೀಕ್ಷಿಸುವುದು ವ್ಯರ್ಥ.

ಪರದೇಶದ ಬ್ಯಾಂಕು, ವಿಮಾ ಕಂಪನಿಗಳ ತಂತ್ರಾಂಶವನ್ನು ವರ್ಷಾನುವರ್ಷ ಸಂಭಾಳಿಸಿರುವ ಬೆಂಗಳೂರಿನ ಎಂಜಿನಿಯರಿಗೆ, ಮೂರು ವಿಭಾಗಗಳ ನಡುವೆ ಪ್ರತಿ ಸಂಜೆ ಇಮೇಲಿನಲ್ಲಿ ಅಲೆದಾಡುವ ಎಕ್ಸೆಲ್ ಹಾಳೆ ಯಾವುದು, ಅದರಲ್ಲಿ ಯಾವ ಕಾಲಮ್ಮನ್ನು ಇಂದಿಗೂ ಕೈಯಲ್ಲಿಯೇ ತುಂಬುವರು ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಸ್ವಂತ ಉದ್ಯಮದ ಹಂಬಲವುಳ್ಳವರು ಅಂಥ ತೊಡಕೊಂದನ್ನು ಆರಿಸಿಕೊಂಡು, ಅದರಿಂದ ಬೇಸತ್ತ ಯಾವುದಾದರೂ ಕಂಪನಿಯ ವಿಭಾಗಾಧಿಕಾರಿಯನ್ನು ಕಂಡು, ಪರಿಹಾರ ದೊರೆತರೆ ತಿಂಗಳಿಗೆ ಎಷ್ಟು ಕೊಡುವಿರೆಂದು ಮೊದಲು ಕೇಳಲಿ. ಪ್ರೋಗ್ರಾಮ್ ಬರೆಯುವ ಕೆಲಸ ಆಮೇಲಿನದು.