ಕಪ್ಪಾದ ಆಯಿಲ್ ಕೆಟ್ಟಿತೇ? ಬೆಹಾಲಾದ ಕಾರು ಮಾಲೀಕರ ಸಂದೇಹಗಳು

ಬೆಹಾಲಾ: ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಕನ್ನಡಿಗರ ಕೂಟದಲ್ಲಿ ಊಟ ಮುಗಿದು ಎಲ್ಲರೂ ವಾಹನಗಳ ಬಳಿ ನಿಂತಾಗ ಮಾತು ಕಾರಿನತ್ತ ಹೊರಳುವುದು ಹೊಸದೇನಲ್ಲ. ಆಯಿಲ್ ಯಾವಾಗ ಬದಲಿಸಬೇಕು, ಯಾವ ನಂಬರಿನದು ಹಾಕಬೇಕು ಎಂಬ ಬಗ್ಗೆ ಒಬ್ಬೊಬ್ಬರದೂ ಒಂದೊಂದು ಅಭಿಪ್ರಾಯ. ಊರಿನ ಗ್ಯಾರೇಜಿನವರು ಹೇಳಿದ್ದು ಒಂದಾದರೆ ಡೈಮಂಡ್ ಹಾರ್ಬರ್ ರಸ್ತೆಯ ಮಿಸ್ತ್ರಿ ಹೇಳುವುದು ಇನ್ನೊಂದು. ಕಾರಿನೊಂದಿಗೆ ಕಂಪೆನಿ ಕೊಟ್ಟ ಕೈಪಿಡಿ ಮಾತ್ರ ಪ್ಲಾಸ್ಟಿಕ್ ಚೀಲ ಬಿಚ್ಚದೆ ಡ್ಯಾಶ್‌ಬೋರ್ಡಿನೊಳಗೆ ಮಲಗಿರುತ್ತದೆ.

"ವರ್ಷಕ್ಕೆ ಮೂರು ಸಾವಿರ ಕಿ.ಮೀ. ಕೂಡ ಓಡಿಲ್ಲ, ಆಯಿಲ್ ಏಕೆ ಬದಲಿಸಬೇಕು?" ಎಂಬುದು ಹೆಚ್ಚಾಗಿ ಕೇಳಿಬರುವ ಪ್ರಶ್ನೆ. ಬೆಹಾಲಾದಲ್ಲಿ ತಪ್ಪು ಲೆಕ್ಕ ಆರಂಭವಾಗುವುದೇ ಇಲ್ಲಿಂದ. ಮನೆಯಿಂದ ಚೌರಸ್ತಾ ಮಾರುಕಟ್ಟೆಗೆ, ಅಲ್ಲಿಂದ ಮನೆಗೆ ಎಂಬಷ್ಟೇ ಓಡಾಟವಾದರೆ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗೆ ಕೂಡಿದ ತೇವಾಂಶವೂ ಉರಿಯದ ಪೆಟ್ರೋಲಿನ ಅಂಶವೂ ಆವಿಯಾಗದೆ ಆಯಿಲಿನಲ್ಲೇ ಉಳಿಯುತ್ತವೆ. ತಾರಾತಲಾ ಕಡೆಯ ದಟ್ಟಣೆಯಲ್ಲಿ ಸಿಲುಕಿದರೆ ಕಿ.ಮೀ. ಮೀಟರು ನಿಂತಲ್ಲೇ ನಿಂತಿದ್ದರೂ ಎಂಜಿನ್ ದುಡಿಯುತ್ತಲೇ ಇರುತ್ತದೆ. ಆದ್ದರಿಂದಲೇ ಕೈಪಿಡಿಗಳಲ್ಲಿ ಕಿ.ಮೀ. ಜೊತೆಗೆ ತಿಂಗಳನ್ನೂ ನಮೂದಿಸಿ, ಯಾವುದು ಮೊದಲೋ ಅದು ಎಂದಿರುತ್ತಾರೆ. ಇಂಥ ಓಡಾಟವನ್ನು ಹಲವು ಕೈಪಿಡಿಗಳು ಕಠಿಣ ಬಳಕೆ ಎಂದು ಗುರುತಿಸಿ ಇನ್ನೂ ಕಡಿಮೆ ಅವಧಿ ಸೂಚಿಸುತ್ತವೆ.

ಇನ್ನು ಬಣ್ಣದ ವಿಚಾರ. ಆಯಿಲ್ ಕಪ್ಪಾಯಿತೆಂದರೆ ಕೆಟ್ಟಿತೆಂದೇ ಅರ್ಥವಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡು ಎಂಜಿನ್ನನ್ನು ಶುಚಿಯಾಗಿಡುವುದು ಅದರ ಕೆಲಸ. ಡೀಸೆಲ್ ಕಾರಿನಲ್ಲಂತೂ ಹೊಸ ಆಯಿಲ್ ಬೇಗನೆ ಕಪ್ಪಾಗುತ್ತದೆ. ಹೆದರಬೇಕಾದುದು ಡಿಪ್‌ಸ್ಟಿಕ್ ಎಳೆದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ. ಅದು ನೀರು ಸೇರಿದ ಲಕ್ಷಣ.

"ಕಾರು ಹಳೆಯದಾಯಿತು, ಮಂದ ಆಯಿಲ್ ಹಾಕಿ" ಎಂಬ ಸಲಹೆಗೆ ಈ ನಗರದಲ್ಲಿ ಒಂದು ಚರಿತ್ರೆಯೇ ಇದೆ. ಉತ್ತರಪಾರಾದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯಲ್ಲಿ 2014ರ ಮೇ ತಿಂಗಳವರೆಗೂ ಅಂಬಾಸಡರ್ ತಯಾರಾಗುತ್ತಿತ್ತು. ಆ ಕಾರುಗಳಿಗೆ 20ಡಬ್ಲ್ಯೂ-40ರಂಥ ಮಂದ ಆಯಿಲ್ ಒಗ್ಗುತ್ತಿತ್ತು. ಅಂಬಾಸಡರಿನಲ್ಲೇ ಕೈ ಪಳಗಿಸಿಕೊಂಡ ಮಿಸ್ತ್ರಿಗಳ ಅನುಭವ ಸುಳ್ಳಲ್ಲ, ಎಂಜಿನ್ ಮಾತ್ರ ಬದಲಾಗಿದೆ. ಇಂದಿನ ಹಲವು ಪೆಟ್ರೋಲ್ ಕಾರುಗಳಿಗೆ ಕಂಪೆನಿಯೇ 0ಡಬ್ಲ್ಯೂ-20, 0ಡಬ್ಲ್ಯೂ-16ರಂಥ ತೆಳು ಆಯಿಲ್ ಸೂಚಿಸುತ್ತದೆ. ಡಬ್ಲ್ಯೂ ಎಂದರೆ ವಿಂಟರ್. ಅದರ ಹಿಂದಿನ ಅಂಕಿ ಚಳಿಯಲ್ಲಿನ ಹರಿವನ್ನೂ ಮುಂದಿನದು 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿನ ಮಂದತನವನ್ನೂ ತಿಳಿಸುತ್ತವೆ. ಕೋಲ್ಕತ್ತಾದಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ತೆಳು ಆಯಿಲಿಗೆಂದೇ ರೂಪಿಸಿದ ಎಂಜಿನ್ನಿನ ಕಿರಿದಾದ ಸಂದುಗಳು ಊರು ನೋಡಿ ಹಿಗ್ಗುವುದಿಲ್ಲವಲ್ಲ! ಫಿಲ್ಟರ್ ಅಳವಡಿಸಿದ ಬಿಎಸ್-6 ಡೀಸೆಲ್ ಕಾರುಗಳಿಗೆ ಕಡಿಮೆ ಬೂದಿಯ ಆಯಿಲೇ ಬೇಕು. ಅಲ್ಲಿ ಅಗ್ಗದ ಡಬ್ಬಿ ಹಾಕಿದರೆ ಫಿಲ್ಟರ್ ಕಟ್ಟಿಕೊಳ್ಳುವ ಭಯವಿದೆ.

ಸಿಂಥೆಟಿಕ್ ಹಾಕಿದರೆ ಸೋರುತ್ತದೆ ಎಂಬುದೂ ಹಳೆಯ ಭಯ. ಸವೆದ ಸೀಲ್ ಇದ್ದರೆ ಸೋರಿಕೆ ಹೊರಬೀಳಬಹುದೇ ಹೊರತು ಆಯಿಲ್ ಅದನ್ನು ಹುಟ್ಟಿಸುವುದಿಲ್ಲ. ರಜೆಗೆ ಕಾರಿನಲ್ಲೇ ಕರ್ನಾಟಕಕ್ಕೆ ಹೊರಟವರು ದಾರಿಯಲ್ಲಿ ಆಯಿಲ್ ಕಡಿಮೆಯಾದರೆ ಅದೇ ದರ್ಜೆಯ ಬೇರೆ ಕಂಪೆನಿಯದನ್ನು ಸೇರಿಸಲು ಅಂಜಬೇಕಿಲ್ಲ. ಆದರೆ ಮೇಲಿನ ಗುರುತು ದಾಟಿ ತುಂಬಿಸಬಾರದು, ಹೆಚ್ಚಾದರೆ ನೊರೆಯೆದ್ದು ಎಂಜಿನ್ನಿಗೇ ಹಾನಿ.

ಬೆಹಾಲಾದವರು ಎಲ್ಲಕ್ಕಿಂತ ಮುಖ್ಯವಾಗಿ ಅರಿತಿರಬೇಕಾದುದು ಮಳೆಗಾಲದ ಸಂಗತಿ. 2025ರ ಸೆಪ್ಟೆಂಬರ್ 22ರ ರಾತ್ರಿಯಿಂದ ಮರುದಿನ ಬೆಳಗಿನವರೆಗೆ ಸುರಿದ ಮಳೆ ಮರೆಯುವಂಥದ್ದಲ್ಲ. ನೆರೆಯ ಅಲಿಪುರದಲ್ಲಿ 24 ಗಂಟೆಗಳಲ್ಲಿ 251 ಮಿ.ಮೀ. ದಾಖಲಾಯಿತು. ಇಂಥ ಮಳೆಯಲ್ಲಿ ನಿಲ್ಲಿಸಿದ್ದ ಕಾರಿನ ಎಂಜಿನ್ ಮುಳುಗಿದ್ದರೆ, ನೀರು ಇಳಿದೊಡನೆ "ಒಮ್ಮೆ ಸ್ಟಾರ್ಟ್ ಮಾಡಿ ನೋಡೋಣ" ಎಂದು ಕೀಲಿ ತಿರುಗಿಸುವುದೇ ದೊಡ್ಡ ತಪ್ಪು. ಸಿಲಿಂಡರಿನೊಳಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಯಿಲ್, ಫಿಲ್ಟರ್ ಬದಲಿಸಿ ಸಾವಿರಗಳಲ್ಲಿ ಮುಗಿಯಬಹುದಾದ ವೆಚ್ಚ ಲಕ್ಷಕ್ಕೆ ಏರುತ್ತದೆ. ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಇಲ್ಲದ ಸಾಮಾನ್ಯ ವಿಮೆಯಲ್ಲಿ ಈ ಹಾನಿಗೆ ಪರಿಹಾರ ಸಿಗುವುದು ಕಷ್ಟ. ಬ್ಯಾಟರಿಯ ತಂತಿ ಕಳಚಿ, ಫೋಟೋ ತೆಗೆದಿಟ್ಟು, ವಿಮೆಯವರಿಗೆ ತಿಳಿಸಿ, ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ಕಂಡರೆ ಒಳಗೆ ನೀರಿದೆಯೆಂದೇ ತಿಳಿಯಬೇಕು.

ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿದರೆ ಅದು ಕಾಲುವೆ ಸೇರಿ ಗಂಗೆಯತ್ತ ಹೋಗುತ್ತದೆ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಬಳಸಿದ ಆಯಿಲಿನ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಗ್ಯಾರೇಜಿನವರು ಅದನ್ನು ಯಾರಿಗೆ ಕೊಡುತ್ತಾರೆಂದು ಮುಂದಿನ ಸರ್ವೀಸಿನ ವೇಳೆ ಕೇಳಬಹುದು. ಖಾಲಿ ಡಬ್ಬಿಗೆ ಅಲ್ಲೇ ತೂತು ಹೊಡೆಸುವುದೂ ಒಳ್ಳೆಯದು, ಇಲ್ಲವಾದರೆ ಅದೇ ಡಬ್ಬಿ ನಕಲಿ ಆಯಿಲ್ ತುಂಬಿಕೊಂಡು ಮತ್ತೆ ಅಂಗಡಿಗೆ ಬಂದೀತು.