ಬೆಚ್ಚಿಬೀಳಿಸುವ ಕಲೆ: ತಾಳಗುಂದದಿಂದ ದೂರ್ವಾಸಪುರದವರೆಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದೆದುರಿನ ಸ್ತಂಭಶಾಸನವು ಕದಂಬರ ಚರಿತ್ರೆಗೆ ಮುಖ್ಯ ಆಧಾರವೆಂಬುದು ಪ್ರಸಿದ್ಧವಾದರೂ, ಐದನೆಯ ಶತಮಾನದ ಆ ಸಂಸ್ಕೃತ ಕಾವ್ಯವು ಕಥನಕಲೆಯ ಪಾಠವೂ ಆಗಿದೆಯೆಂಬ ಕಡೆಗೆ ಗಮನ ಹರಿದದ್ದು ಕಡಿಮೆ. ಕದಂಬ ದೊರೆ ಕಾಕುಸ್ಥವರ್ಮನು ಕಟ್ಟಿಸಿದ ಕೆರೆಯನ್ನು ದಾಖಲಿಸಬೇಕಾಗಿದ್ದ ಕವಿ ಕುಬ್ಜನು, ವೇದಾಧ್ಯಯನ ಮತ್ತು ಹೋಮಗಳಲ್ಲಿ ನಿರತವಾದ ಬ್ರಾಹ್ಮಣ ಮನೆತನವೊಂದನ್ನು ಮೊದಲು ಸಾವಧಾನವಾಗಿ ವರ್ಣಿಸುತ್ತಾನೆ. ಅನಂತರ, ಕಂಚಿಯ ಘಟಿಕೆಗೆ, ಎಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಓದಲು ಹೋದ ಅದೇ ಮನೆತನದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಕೆರಳಿದ್ದನ್ನು ಚುಟುಕಾಗಿ ಹೇಳಿ, ದರ್ಭೆ, ಸಮಿತ್ತುಗಳಿಗೆ ಪಳಗಿದ ಅದೇ ಕೈಗೆ ಖಡ್ಗವನ್ನು ಕೊಡುತ್ತಾನೆ. ಹಿಂದಿನ ವರ್ಣನೆಯಿಲ್ಲದಿದ್ದರೆ ಆ ಖಡ್ಗ ಯಾರನ್ನೂ ಬೆಚ್ಚಿಸುತ್ತಿರಲಿಲ್ಲ.

ತಾಳಗುಂದವಿರುವ ಜಿಲ್ಲೆಯದೇ ಆದ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಆಘಾತವನ್ನು ಬೇರೊಂದು ರೀತಿಯಲ್ಲಿ ಬಳಸುತ್ತದೆ. ಬ್ರಾಹ್ಮಣನಾಗಿಯೂ ಮದ್ಯಮಾಂಸ ಸೇವಿಸಿ, ಚಂದ್ರಿಯೆಂಬ ಕೆಳಜಾತಿಯ ಹೆಣ್ಣಿನೊಡನೆ ಬಾಳಿದ ನಾರಣಪ್ಪನು ಸತ್ತಾಗ ಸಂಸ್ಕಾರ ಮಾಡುವವರಾರೆಂಬ ಪ್ರಶ್ನೆ ಏಳುತ್ತದೆ. ಶವ ಸುಡುವವರೆಗೆ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಖರ್ಚಿಗೆಂದು ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟೊಡನೆ, ಅದುವರೆಗೆ ಹಿಂಜರಿಯುತ್ತಿದ್ದವರಿಗೇ ಆಸೆ ಹುಟ್ಟುತ್ತದೆ. ಇಲ್ಲಿ ಓದುಗನನ್ನು ಕಲಕುವುದು ನಾರಣಪ್ಪನ ಮೈಲಿಗೆಗಿಂತ ಮಡಿವಂತರ ಲೋಭ. ಉತ್ತರಕ್ಕಾಗಿ ಗ್ರಂಥಗಳನ್ನು ಶೋಧಿಸಿ, ಮಾರುತಿಯ ಗುಡಿಯಲ್ಲಿಯೂ ಅದನ್ನು ಕಾಣದೆ ಮರಳುವ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡಿದ ಮೇಲೆ, ಕಥನವು ಹೊರಗಿನ ಘಟನೆಗಳಿಂದ ಸರಿದು ಅವರ ಅಂತರಂಗದ ತಾಕಲಾಟವನ್ನೇ ಹಿಂಬಾಲಿಸುತ್ತದೆ. ಪಾತ್ರದ ಮನಸ್ಸಿನೊಳಗಿಂದಲೇ ಲೋಕವನ್ನು ತೋರಿಸುವ ಈ ಕ್ರಮವು ನವ್ಯ ಸಾಹಿತ್ಯದ ಮುಖ್ಯ ಲಕ್ಷಣಗಳಲ್ಲೊಂದು. ಆಚಾರ್ಯರನ್ನು ದೂರದಿಂದ ತೂಗಿ ನೋಡುವ ಅನುಕೂಲ ಓದುಗನಿಗೆ ಆಗ ಉಳಿಯುವುದಿಲ್ಲ.

ಕಾದಂಬರಿಯನ್ನು ಆಧರಿಸಿದ 1970ರ ಚಲನಚಿತ್ರವನ್ನು ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು. ಆಮೇಲೆ ಅದಕ್ಕೇ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ದೊರೆಯಿತು. ಅಗ್ರಹಾರದಲ್ಲಿ ಮಾಂಸ ತಿಂದವನ ಸುದ್ದಿ ಇಂದಿನ ಓದುಗನನ್ನು ಅಷ್ಟಾಗಿ ಬೆಚ್ಚಿಸಲಾರದು, ಆದರೂ ‘ಸಂಸ್ಕಾರ’ವನ್ನು ಕೈಗೆತ್ತಿಕೊಂಡವರು ಅರ್ಧಕ್ಕೆ ಬಿಡುವುದು ವಿರಳ. ಆಘಾತವು ಕಾಲದೊಂದಿಗೆ ಸವೆಯುತ್ತದೆ. ಅದಕ್ಕೆ ನೆಲೆ ಕಟ್ಟಿದ ಶೈಲಿ ಮಾತ್ರ ಕೃತಿಯನ್ನು ಉಳಿಸುತ್ತದೆ.