ರಾತ್ರಿ ನಿದ್ದಿ ಬರ್ತದೇನ್ರಿ?

2021ರ ಸೆಪ್ಟೆಂಬರ್ 10, ಗಣೇಶ ಚೌತಿ. ಹೈದರಾಬಾದಿನ ಮಾದಾಪುರದಲ್ಲಿ, ದುರ್ಗಂ ಚೆರುವಿನ ಕೇಬಲ್ ಸೇತುವೆಯ ಹತ್ತಿರ ತೆಲುಗು ನಟ ಸಾಯಿ ಧರಮ್ ತೇಜ್ ಅವರ ಬೈಕು ಜಾರಿತು. ಮೊದಲು ಮೆಡಿಕವರ್ ಆಸ್ಪತ್ರೆ, ಅಲ್ಲಿಂದ ಜೂಬಿಲಿ ಹಿಲ್ಸ್‌ನ ಅಪೋಲೊ. ಕಾಲರ್ ಬೋನ್ ಮುರಿದಿತ್ತು, ಪ್ರಜ್ಞೆ ಇರಲಿಲ್ಲ. ಐದು ವಾರಗಳ ನಂತರ, ವಿಜಯದಶಮಿಯಂದು ಮನೆಗೆ ಮರಳಿದರು. ಶಸ್ತ್ರಚಿಕಿತ್ಸೆ, ವೆಂಟಿಲೇಟರ್, ಬುಲೆಟಿನ್ ಎಲ್ಲವನ್ನೂ ಟಿವಿಗಳು ಗಂಟೆಗೊಮ್ಮೆ ಹೇಳಿದವು. ಮಾತೇ ಹೋಗಿತ್ತು, ಅದನ್ನು ಮತ್ತೆ ಕಲಿಯಬೇಕಾಯಿತು ಎಂಬುದು ಜನರಿಗೆ ತಿಳಿದದ್ದು 2023ರಲ್ಲಿ ‘ವಿರೂಪಾಕ್ಷ’ ತೆರೆಗೆ ಬರುವ ಹೊತ್ತಿಗೆ ಅವರೇ ಹೇಳಿಕೊಂಡಾಗ.

ನಟನಿಗಾದರೆ ಹೇಳಿಕೊಳ್ಳಲು ಮೈಕು ಸಿಗುತ್ತದೆ. ಅದೇ ಮಾದಾಪುರದ ಸುತ್ತಲಿನ ಆಸ್ಪತ್ರೆಗಳಿಗೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬರುವವರ ಕಥೆ ಬೇರೆ. ಬೀದರಿನಿಂದ ಬೆಂಗಳೂರು ಒಂದು ರಾತ್ರಿಯ ಪ್ರಯಾಣ, ಹೈದರಾಬಾದ್ ಮೂರು ತಾಸು. 1956ರವರೆಗೆ ಈ ಪ್ರದೇಶಗಳೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ದೊಡ್ಡ ದವಾಖಾನೆಯ ದಿಕ್ಕು ಬದಲಾಗಲಿಲ್ಲ. ಹೆದ್ದಾರಿಯಲ್ಲಿ ಟ್ರ್ಯಾಕ್ಟರ್ ಉರುಳಿ ಪೆಟ್ಟಾದವರು ಇಲ್ಲಿಗೆ ಬರುತ್ತಾರೆ. ಇಲ್ಲಿಯದೇ ಗಾಜಿನ ಕಟ್ಟಡಗಳ ಸಾರವೆಯಿಂದ ಬಿದ್ದ ನಮ್ಮ ಕಡೆಯ ಕೂಲಿಗಳೂ ಇರುತ್ತಾರೆ, ಆ ಕಟ್ಟಡಗಳೊಳಗೆ ಕೆಲಸ ಮಾಡುವ, ನಸುಕಿನಲ್ಲಿ ಸ್ಕೂಟರಿನಿಂದ ಬಿದ್ದ ಹುಡುಗ ಹುಡುಗಿಯರೂ ಇರುತ್ತಾರೆ.

ಬೆಳಗಿನ ರೌಂಡ್ಸ್ ಹೇಗಿರುತ್ತದೆಂದು ವಾರ್ಡಿನಲ್ಲಿ ಕೂತವರಿಗೆಲ್ಲ ಗೊತ್ತು. ಡಾಕ್ಟರು ಬಂದರು, ಎಕ್ಸ್‌ರೇ ಬೆಳಕಿಗೆ ಹಿಡಿದರು, ಕಾಲ್ಬೆರಳು ಆಡಿಸಲು ಹೇಳಿದರು, ಡ್ರೆಸ್ಸಿಂಗ್ ನೋಡಿದರು, ಮುಂದಿನ ಹಾಸಿಗೆಗೆ ನಡೆದರು. ಒಂದೂವರೆ ನಿಮಿಷ. ಅಷ್ಟರಲ್ಲಿ ರೋಗಿ ಹೇಳಬೇಕೆಂದಿದ್ದ ಮಾತು ಗಂಟಲಲ್ಲೇ ಉಳಿಯುತ್ತದೆ: ‘ಕಣ್ಣ ಮುಚ್ಚಿದ್ರ ಲಾರಿ ಮೈಮ್ಯಾಲ ಬಂದಂಗ ಆಗ್ತದರಿ.’ ಇದನ್ನು ಅವನು ತೆಲುಗಿನಲ್ಲಿ ಹೇಳಲಾರ. ಹಿಂದಿಯಲ್ಲಿ ಹೇಳಿದರೆ ‘ನೀಂದ್ ನಹೀ ಆತಿ ಸಾಬ್’ ಅಷ್ಟೇ ಆಗುತ್ತದೆ. ಒಂದು ಮಾತ್ರೆ ಬರೆದುಕೊಡುತ್ತಾರೆ.

ದೊಡ್ಡ ಪೆಟ್ಟು ಬಿದ್ದ ಮೇಲೆ ಮನಸ್ಸು ಬೆಚ್ಚುವುದು ಸಹಜ. ಅದೇ ದೃಶ್ಯ ಮರುಕಳಿಸುವುದು, ಸಣ್ಣ ಸದ್ದಿಗೂ ಮೈ ಜುಂ ಎನ್ನುವುದು, ಆ ರಸ್ತೆಯ ಹೆಸರೆತ್ತಿದರೆ ಮುಖ ತಿರುಗಿಸುವುದು ಮೊದಲ ವಾರಗಳಲ್ಲಿ ಅನೇಕರಿಗೆ ಇರುತ್ತದೆ, ಬಹಳ ಜನರಿಗೆ ತಾನಾಗಿ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇಳಿಯದೆ ಬದುಕಿಗೆ ಅಡ್ಡ ನಿಂತರೆ ಅದಕ್ಕೆ ಪಿಟಿಎಸ್‌ಡಿ ಎಂಬ ಹೆಸರಿದೆ, ಕೆಲಸ ಮಾಡುವ ಚಿಕಿತ್ಸೆಯೂ ಇದೆ. ತೊಡಕೆಂದರೆ ಆ ತಿಂಗಳು ಮುಗಿಯುವ ಹೊತ್ತಿಗೆ ರೋಗಿ ಊರು ಸೇರಿರುತ್ತಾನೆ. ಫಾಲೋಅಪ್‌ಗೆ ಬಂದರೂ ನೋಡುವುದು ಎಲುಬನ್ನು.

ಐಸಿಯುವಿನದು ಇನ್ನೊಂದು ಬಗೆ. ಅಲ್ಲಿ ಹಗಲು ರಾತ್ರಿ ಒಂದೇ ಬೆಳಕು, ಮೂಗಲ್ಲಿ ನಳಿಗೆ, ಕೈ ಕಟ್ಟಿರುತ್ತಾರೆ. ನೋವು, ಸೋಂಕು, ನಿದ್ದೆಗೇಡು, ಔಷಧಿ ಎಲ್ಲ ಸೇರಿ ಅನೇಕ ರೋಗಿಗಳಿಗೆ ಡೆಲಿರಿಯಂ ಹಿಡಿಯುತ್ತದೆ. ಗೋಡೆಯ ಮೇಲೆ ಯಾರೋ ನಡೆದಂತೆ, ನರ್ಸು ವಿಷ ಚುಚ್ಚುತ್ತಿರುವಂತೆ ಕಾಣುತ್ತದೆ. ಹೊರಗೆ ಕಾದ ಮನೆಮಂದಿ ‘ಗಾಳಿ ಸೋಕ್ಯಾದ’ ಎಂದು ದರ್ಗಾದ ತಾಯತ ತರಿಸುತ್ತಾರೆ. ನಗಬೇಕಿಲ್ಲ; ಅವರಿಗೆ ಬೇರೆ ವಿವರಣೆಯನ್ನು ಯಾರೂ ಕೊಟ್ಟಿರುವುದಿಲ್ಲ. ಕಣ್ಣೆದುರು ಒಂದು ಗಡಿಯಾರ, ರಾತ್ರಿ ದೀಪ ತಗ್ಗಿಸುವುದು, ಕನ್ನಡಕ ವಾಪಸು ಕೊಡುವುದು, ‘ಇವತ್ತು ಮಂಗಳವಾರ, ನೀವು ಹೈದ್ರಾಬಾದ್ ದವಾಖಾನ್ಯಾಗ ಇದ್ದೀರಿ’ ಎಂದು ಗುರುತಿನ ದನಿಯೊಂದು ಹೇಳುವುದು: ಬಿಲ್ಲಿಗೆ ಒಂದು ರೂಪಾಯಿಯೂ ಸೇರದ ಕೆಲಸಗಳು. ಸ್ಕ್ಯಾಂಡಿನೇವಿಯಾದ ದೇಶಗಳಲ್ಲಿ ನರ್ಸುಗಳು ಪ್ರಜ್ಞೆಯಿಲ್ಲದ ರೋಗಿಯ ಹೆಸರಲ್ಲಿ ದಿನಚರಿ ಬರೆದಿಡುವ ಪದ್ಧತಿಯಿದೆ. ಎಚ್ಚೆತ್ತ ಮೇಲೆ ಅವನು ಓದಿ, ಕಳೆದುಹೋದ ದಿನಗಳಲ್ಲಿ ನಿಜವಾಗಿ ನಡೆದದ್ದೇನು ಎಂದು ತಿಳಿದುಕೊಳ್ಳುತ್ತಾನೆ.

ಕಾಲು ಕಳೆದುಕೊಂಡವರು ಇಲ್ಲದ ಪಾದ ಉರಿಯುತ್ತಿದೆ ಎನ್ನಲು ಹೆದರುತ್ತಾರೆ, ಹುಚ್ಚು ಅಂದುಕೊಂಡಾರೆಂದು. ಅದು ಮಿದುಳಿನಲ್ಲಿ ಮೂಡುವ ನಿಜವಾದ ನೋವು; ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಬರೀ ಒಂದು ಕನ್ನಡಿ ಬಳಸಿ ಅದನ್ನು ತಗ್ಗಿಸುವ ದಾರಿ ತೋರಿಸಿದರು. ಆಪರೇಷನ್ನಿಗೆ ಮೊದಲೇ ‘ಹೀಗೂ ಆಗುತ್ತದೆ’ ಎಂದು ಯಾರಾದರೂ ಹೇಳಿದ್ದರೆ ಅರ್ಧ ಭಯ ಹೋಗುತ್ತಿತ್ತು.

ಹಾಗೆಂದು ಮನಸ್ಸಿನ ಆರೈಕೆ ಎಂದರೆ ರೋಗಿಯನ್ನು ಕೂರಿಸಿಕೊಂಡು ನಡೆದದ್ದೆಲ್ಲ ಹೊರಹಾಕಿಸುವುದಲ್ಲ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಸುಟ್ಟ ಗಾಯದ ರೋಗಿಗಳ ಮೇಲೆ ಅದನ್ನೇ ಪರೀಕ್ಷಿಸಿ ನೋಡಿದರು. 1997ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಆರಂಭದಲ್ಲೇ ಒಂದು ಸಲ ಘಟನೆಯನ್ನು ವಿವರವಾಗಿ ಹೇಳಿಸಿದವರಲ್ಲಿ 13 ತಿಂಗಳ ನಂತರ ನೂರಕ್ಕೆ 26 ಮಂದಿಗೆ ಪಿಟಿಎಸ್‌ಡಿ ಇತ್ತು. ಸುಮ್ಮನೆ ಬಿಟ್ಟವರಲ್ಲಿ 9 ಮಂದಿಗೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಊರಿಂದ ಜೀಪು ಮಾಡಿಕೊಂಡು ನೋಡಲು ಬರುವ ಬಳಗ. ಎಳನೀರು, ಮೋಸಂಬಿ ಇಟ್ಟ ಕೂಡಲೇ ‘ಹ್ಯಾಂಗಾಯ್ತು? ಲಾರಿ ಯಾವ ಕಡಿಂದ ಬಂತು?’ ದಿನಕ್ಕೆ ಹತ್ತು ಸಲ ಅದೇ ಕಥೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೆ ಬಾಗಿಲಲ್ಲೇ ಅವರನ್ನು ತಡೆದು ‘ಅದೊಂದ್ ಬಿಟ್ಟು ಬ್ಯಾರೆ ಮಾತಾಡ್ರಿ’ ಎನ್ನುವ ಒಬ್ಬ ಅಣ್ಣನೋ ಸೋದರಮಾವನೋ ಬೇಕು. ರೋಗಿ ತಾನಾಗಿ ಹೇಳಿದರೆ ಕೇಳಬೇಕು, ಕೆದಕಬಾರದು.

ಆ ಅಟೆಂಡರ್ ಅಣ್ಣನನ್ನು ಆಸ್ಪತ್ರೆಗಳು ಕಾಣುವುದು ಔಷಧಿ ಚೀಟಿ ಹಿಡಿದು ಓಡುವ ಆಳಾಗಿ. ಕಾರಿಡಾರಿನಲ್ಲಿ ಚಾಪೆ ಹಾಸಿದರೆ ಸೆಕ್ಯುರಿಟಿಯವನು ಎಬ್ಬಿಸುತ್ತಾನೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳಿಗೆ ಅಂಗಳದಲ್ಲೇ ಟೆಂಟು ಹಾಕಿಸಿ ಜೊತೆಗೆ ಉಳಿಸಿಕೊಂಡಿದ್ದರು. ಮುಂದೆ ನಿಮ್ಹಾನ್ಸ್ ಕೂಡ ಮನೆಯವರನ್ನು ಚಿಕಿತ್ಸೆಯ ಭಾಗವಾಗಿಯೇ ಕಂಡಿತು. ನಮ್ಮಲ್ಲಿರುವ ಈ ಬಲವನ್ನು ಮೂಳೆ ವಿಭಾಗ ಬಳಸಿಕೊಂಡದ್ದು ಕಡಿಮೆ.

ಮನೋವೈದ್ಯರು ಎಲ್ಲಿದ್ದಾರೆ ಎಂಬ ಪ್ರಶ್ನೆ ಬರುತ್ತದೆ. ದೇಶದಲ್ಲಿ ಲಕ್ಷ ಜನಕ್ಕೆ ಒಬ್ಬರೂ ಇಲ್ಲ, ನಿಜ. ಆದರೆ ಈ ಕೊರತೆಗೆ ಉತ್ತರ ಹುಡುಕಿದ್ದೂ ಕಲ್ಯಾಣ ಕರ್ನಾಟಕದಲ್ಲೇ: 1985ರಿಂದ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ಆ ಮಾದರಿಯಿಂದ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಸಾಧ್ಯವಾದದ್ದು ಕಾರ್ಪೊರೇಟ್ ಆಸ್ಪತ್ರೆಯ ನರ್ಸಿಗೆ, ದಿನವೂ ಮುಕ್ಕಾಲು ಗಂಟೆ ರೋಗಿಯ ಕಾಲು ಹಿಡಿದು ಕೂರುವ ಫಿಸಿಯೊಥೆರಪಿಸ್ಟಿಗೆ ಅಸಾಧ್ಯವೇನಲ್ಲ. ಅಮೆರಿಕದಲ್ಲಿ ಶಸ್ತ್ರವೈದ್ಯರ ಸಂಘವಾದ ‘ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್’ 2022ರ ಮಾನದಂಡದಲ್ಲಿ ದೊಡ್ಡ ಟ್ರಾಮಾ ಕೇಂದ್ರಗಳಿಗೆ ಮನಸ್ಸಿನ ಈ ತಪಾಸಣೆಯನ್ನು ಕಡ್ಡಾಯವೇ ಮಾಡಿತು. ಮಾದಾಪುರದ ಆಸ್ಪತ್ರೆಗಳಲ್ಲಿ ಗಡಿಯಾಚೆಯ ರೋಗಿಗಳನ್ನು ಕರೆತರಲು ಕನ್ನಡ ಬಲ್ಲವರನ್ನು ಇಟ್ಟುಕೊಳ್ಳುವುದಾದರೆ, ವಾರ್ಡಿನಲ್ಲಿ ‘ರಾತ್ರಿ ನಿದ್ದಿ ಬರ್ತದೇನ್ರಿ?’ ಎಂದು ಕೇಳಲೂ ಒಬ್ಬರನ್ನು ಇಡಬಹುದು.

ಕೇಳಿದ್ದನ್ನು ಬರೆದಿಡಬೇಕು ಕೂಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ದೇಹದ ಕಾಯಿಲೆಗೆ ಸಿಗುವಂತೆಯೇ ಮನಸ್ಸಿನದಕ್ಕೂ ವಿಮೆ ಸಿಗಬೇಕೆನ್ನುತ್ತದೆ. ಅಪಘಾತ ಪರಿಹಾರದಲ್ಲಿ ‘ನೋವು ಮತ್ತು ಸಂಕಟ’ ಎಂಬ ಪ್ರತ್ಯೇಕ ಬಾಬತ್ತೇ ಇದೆ. ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಆ ಬಾಬತ್ತಿಗೇ 15 ಲಕ್ಷ ರೂಪಾಯಿ ಕೊಡಿಸಿತು. ಡಿಸ್ಚಾರ್ಜ್ ಚೀಟಿಯಲ್ಲಿ ಪ್ಲೇಟು, ಸ್ಕ್ರೂಗಳ ಲೆಕ್ಕ ಮಾತ್ರ ಇದ್ದರೆ ವಕೀಲರು ತೋರಿಸುವುದೇನನ್ನು? ಮನೆಗೆ ಹೊರಡುವ ಮುನ್ನ ಆ ಚೀಟಿಯಲ್ಲಿ ನಿದ್ದೆ, ಭಯದ ವಿಷಯವೂ ಒಂದು ಸಾಲು ಬರೆಸಿಕೊಳ್ಳಿ. ತಿಂಗಳಾದ ಮೇಲೂ ಹಾಗೇ ಇದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಟೆಲಿ ಮಾನಸ್‌ನ 14416 ಇದೆ. ಊರಿನಿಂದ ಕರೆ ಮಾಡಿದರೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.